ಗಡಿಯಾಚೆಯ ವಿಡಿಯೊ, ನಮ್ಮೂರಿನ ಕೈ

2018ರ ಬೇಸಿಗೆಯಲ್ಲಿ ಒಂದು ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಪರಾರಿಯಾಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯದು. ಮಕ್ಕಳನ್ನು ಜೋಪಾನವಾಗಿ ನೋಡಿಕೊಳ್ಳಿ ಎಂದು ಹೇಳುವುದಕ್ಕೆ ಅಲ್ಲಿನ ರೋಶ್ನಿ ಹೆಲ್ಪ್‌ಲೈನ್ ಸಂಸ್ಥೆ ಮಾಡಿಸಿದ್ದ ಜಾಗೃತಿ ಚಿತ್ರ. ಕೊನೆಯಲ್ಲಿ ಬೈಕಿನವರೇ ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿ ಹಾಕಿದರು, ಉಳಿದದ್ದನ್ನು ಜನ ನಿಜದ ಅಪಹರಣವೆಂದೇ ನಂಬಿದರು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಬಡಿದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಅಪರಾಧಕ್ಕೆ ಹೈದರಾಬಾದಿನ ಎಂಜಿನಿಯರ್ ಹೆಣವಾದ. ಆತನ ಕಾರಿನ ಸುದ್ದಿ ವಾಟ್ಸ್ಆ್ಯಪಿನಲ್ಲಿ ಮುಂದಿನ ಊರಾದ ಮುರ್ಕಿಗೆ ಮೊದಲೇ ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡ ಹಾಕಿ ಕಾದಿದ್ದರು.

ವಿಡಿಯೊ ಪರದೇಶದ್ದು. ಆದರೆ ರಸ್ತೆಗೆ ಅಡ್ಡ ನಿಂತವರು ನಮ್ಮವರು, ಕಲ್ಲು ಎತ್ತಿದವರು ನಮ್ಮವರು. ಪರದೇಶದಿಂದ ಬರುವ ಪ್ರಚೋದನೆಯ ಬಗ್ಗೆ ದೆಹಲಿಯಲ್ಲಿ ಮಾತು ಬಂದಾಗಲೆಲ್ಲ ಮರೆತುಹೋಗುವುದು ಇದೇ.

2012ರ ಆಗಸ್ಟ್ ನೆನಪಿಸಿಕೊಳ್ಳಿ. ಅಸ್ಸಾಮಿನ ಕೊಕ್ರಜಾರ್ ಕಡೆಯ ಗಲಭೆಯ ನಂತರ, ರಂಜಾನ್ ಮುಗಿದ ಮೇಲೆ ಈಶಾನ್ಯದವರ ಮೇಲೆ ದಾಳಿ ನಡೆಯುತ್ತದೆಂಬ ಗಾಳಿಸುದ್ದಿ ಬೆಂಗಳೂರಿನಲ್ಲಿ ಹಬ್ಬಿತು. ಕೆಲವೇ ದಿನಗಳಲ್ಲಿ ಸಾವಿರಾರು ಜನ ಗುವಾಹಟಿಯ ರೈಲು ಹತ್ತಿದರು. ರಾಜ್ಯದ ಆಗಿನ ಗೃಹ ಸಚಿವ ಆರ್. ಅಶೋಕ ರೈಲ್ವೆ ನಿಲ್ದಾಣಕ್ಕೇ ಹೋಗಿ ಹೋಗಬೇಡಿರೆಂದು ಕೇಳಿಕೊಂಡರು. ಅದು ಸರಿಯಾದ ಕೆಲಸ. ಅದೇ ನಿಲ್ದಾಣದಿಂದ ಸರ್ಕಾರವೇ ವಿಶೇಷ ರೈಲುಗಳನ್ನೂ ಬಿಟ್ಟಿತು. ಹೆದರಿದವರಿಗೆ ಅದರಿಂದ ಧೈರ್ಯ ಬರಲಿಲ್ಲ, ಸುದ್ದಿ ನಿಜವಿರಬೇಕೆಂಬ ಅನುಮಾನ ಗಟ್ಟಿಯಾಯಿತು. ಆಗಸ್ಟ್ 17ರಂದು ಕೇಂದ್ರ ಸರ್ಕಾರ ಹದಿನೈದು ದಿನಗಳ ಮಟ್ಟಿಗೆ ಒಂದೇ ಬಾರಿಗೆ ಐದಕ್ಕಿಂತ ಹೆಚ್ಚು ಜನರಿಗೆ ಎಸ್ಸೆಮ್ಮೆಸ್ ಕಳಿಸುವಂತಿಲ್ಲ ಎಂದಿತು. ಅಷ್ಟು ಹೊತ್ತಿಗೆ ರೈಲುಗಳು ತುಂಬಿ ಹೊರಟಾಗಿತ್ತು. ಈ ಭಯ ಹುಟ್ಟಿಸಿದ ಚಿತ್ರಗಳಲ್ಲಿ ಹೆಚ್ಚಿನವು ಪಾಕಿಸ್ತಾನದಿಂದ ಬಂದವು ಎಂದು ಕೇಂದ್ರ ಗೃಹ ಕಾರ್ಯದರ್ಶಿ ಆರ್.ಕೆ. ಸಿಂಗ್ ಹೇಳಿದರು. ಒಂದರ ಹಿಂದೊಂದು ಜಾಲತಾಣಗಳನ್ನು ಮುಚ್ಚಿಸುವ ಆದೇಶಗಳು ಹೊರಟವು. ಆ ಪಟ್ಟಿಯನ್ನು ಪರಿಶೀಲಿಸಿದ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಗೆ ಸಿಕ್ಕಿದ್ದು 309 ಬಾಬತ್ತುಗಳು. ಸುಳ್ಳನ್ನು ಬಯಲು ಮಾಡುತ್ತಿದ್ದ ಬರಹಗಳೂ ಅವುಗಳಲ್ಲಿ ಸೇರಿದ್ದವು. ಬೆಂಕಿ ಆರಿಸಲು ಬಂದವರನ್ನೂ ಹೊರಗಟ್ಟಿದ್ದು ಸರ್ಕಾರದ ಅವಸರ.

ಪ್ರಚೋದನೆಯನ್ನು ತಡೆಯಲೇಬಾರದು ಎನ್ನುವವನು ನಾನಲ್ಲ. 1994ರಲ್ಲಿ ರುವಾಂಡದ ಆರ್‌ಟಿಎಲ್‌ಎಂ ರೇಡಿಯೊ ಟುಟ್ಸಿಗಳನ್ನು ಜಿರಳೆಗಳೆಂದು ಕರೆಯುತ್ತ ಕೊಲೆಗೆ ಹುರಿದುಂಬಿಸುತ್ತಿದ್ದಾಗ, ಅದರ ತರಂಗಗಳನ್ನು ಕೆಡಿಸುವ ಸಾಮರ್ಥ್ಯವಿದ್ದ ಅಮೆರಿಕ ಕಾನೂನು, ಖರ್ಚು ಎಂದು ಲೆಕ್ಕ ಹಾಕುತ್ತ ಕೂತಿತು. ಕತ್ತಿ ಎತ್ತು ಎಂದು ಹೇಳುವ ಬಾಯಿಯನ್ನು ಮುಚ್ಚಿಸಬೇಕು, ಬೇಗ ಮುಚ್ಚಿಸಬೇಕು. ಆದರೆ ಯಾವುದು ಪ್ರಚೋದನೆ ಎಂಬ ತೀರ್ಮಾನವನ್ನು ಬಾಗಿಲು ಹಾಕಿಕೊಂಡು ಕೂತ ಅಧಿಕಾರಿಗಳಿಗೆ ಮಾತ್ರ ಬಿಟ್ಟುಕೊಡಬಾರದು. 1955ರಿಂದ 1961ರವರೆಗೆ ಲಿಬಿಯಾ ಲೋಬೊ ಮತ್ತು ವಾಮನ ಸರದೇಸಾಯಿ ನಡೆಸಿದ ಗುಪ್ತ ರೇಡಿಯೊ, ಮೊದಲು ಅಂಬೋಲಿಯ ಕಾಡಿನಿಂದ, ಆಮೇಲೆ ನಮ್ಮ ಉತ್ತರ ಕನ್ನಡದ ಕ್ಯಾಸಲ್ ರಾಕ್‌ನಿಂದ ಗೋವಾದ ಜನರನ್ನು ಮಾತಾಡಿಸಿತು. ಆಗ ಗೋವಾ ಆಳುತ್ತಿದ್ದ ಪೋರ್ಚುಗೀಸ್ ಸರ್ಕಾರದ ಕಣ್ಣಿಗೆ ಅದೂ ಪರದೇಶದ ಪ್ರಚೋದನೆಯೇ. 2025ರಲ್ಲಿ ಲಿಬಿಯಾ ಅವರಿಗೆ ಭಾರತ ಪದ್ಮಶ್ರೀ ಕೊಟ್ಟಿತು.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ಏನನ್ನು ಮುಚ್ಚಿಸಿದರು, ಏಕೆ ಮುಚ್ಚಿಸಿದರು ಎಂಬುದು 2009ರ ನಿಯಮಗಳ ಪ್ರಕಾರ ಗುಟ್ಟು. ಟ್ವಿಟರ್ ಕಂಪನಿ ಇಂಥ ಆದೇಶಗಳನ್ನು ಪ್ರಶ್ನಿಸಿದಾಗ ಕರ್ನಾಟಕ ಹೈಕೋರ್ಟ್ 2023ರ ಜೂನ್ 30ರಂದು ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿತು. ದೊಡ್ಡ ಕಂಪನಿಯ ಬಗ್ಗೆ ನನಗೆ ಮರುಕವಿಲ್ಲ. ಓದುವ, ನೋಡುವ ನಮಗೆ ಕಾರಣ ತಿಳಿಯಬೇಡವೆ? ಪಹಲ್ಗಾಮ್ ದಾಳಿಯ ನಂತರ, 2025ರ ಏಪ್ರಿಲ್ ಕೊನೆಯಲ್ಲಿ ಪಾಕಿಸ್ತಾನದ 16 ಯೂಟ್ಯೂಬ್ ವಾಹಿನಿಗಳನ್ನು ಇಲ್ಲಿ ಮುಚ್ಚಿಸಲಾಯಿತು. ಹತ್ತು ದಿನ ಕಳೆದಿತ್ತಷ್ಟೆ, ನಮ್ಮದೇ ದೇಶದ ಟಿವಿ ವಾಹಿನಿಗಳು ಕರಾಚಿ ಬಂದರು ಧ್ವಂಸವಾಯಿತೆಂದು ರಾತ್ರಿಯಿಡೀ ಕೂಗಿದವು. ಶುದ್ಧ ಸುಳ್ಳು. ಆಚೆಯ ಸುಳ್ಳಿಗೆ ಬೀಗ ಹಾಕುವ ಸರ್ಕಾರ ಒಳಗಿನ ಸುಳ್ಳಿನ ಮುಂದೆ ಕಣ್ಣು ಮುಚ್ಚಿಕೊಂಡರೆ ಅದಕ್ಕೆ ರಾಷ್ಟ್ರರಕ್ಷಣೆ ಎಂಬ ಹೆಸರು ಒಪ್ಪುವುದಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ನಮಗೆ ಇದೆಲ್ಲ ದೂರದ ಮಾತಲ್ಲ. ಬುಡಬುಡಿಕೆಯವರು, ಹೆಳವರು ನಮ್ಮ ಹಳ್ಳಿಗಳ ಬಾಗಿಲಿಗೆ ಬರುವವರು. ಅವರಂತೆಯೇ ಊರೂರು ಅಲೆದು ಬದುಕುವ ಐವರನ್ನು 2018ರ ಜುಲೈ 1ರಂದು ಮಹಾರಾಷ್ಟ್ರದ ರೈನ್‌ಪಾಡಾದಲ್ಲಿ ಮಕ್ಕಳ ಕಳ್ಳರೆಂದು ಪಂಚಾಯಿತಿ ಕಟ್ಟಡದಲ್ಲೇ ಕೊಂದರು. ಅಸ್ಸಾಂ, ಬಿಹಾರದ ಹುಡುಗರು ಈಗ ನಮ್ಮ ಕಡೆಯೂ ದುಡಿಯುತ್ತಿದ್ದಾರೆ. ಕೊಬ್ಬರಿ ಬೆಲೆ ಬಿತ್ತೆಂದು ವಾಟ್ಸ್ಆ್ಯಪಿನಲ್ಲಿ ಬಂದ ಮಾತ್ರಕ್ಕೆ ನಮ್ಮ ರೈತ ಅಟ್ಟದಿಂದ ಚೀಲ ಇಳಿಸುವುದಿಲ್ಲ. ತಿಪಟೂರು ಎಪಿಎಂಸಿಯ ಅಂದಿನ ದರ ವಿಚಾರಿಸುತ್ತಾನೆ, ವಿಚಾರಿಸಿದರೆ ಅಲ್ಲಿ ಉತ್ತರ ಸಿಗುತ್ತದೆ. ಮನುಷ್ಯನ ಜೀವದ ಸುದ್ದಿ ಬಂದಾಗ ಅದೇ ರೈತ ಯಾರನ್ನು ವಿಚಾರಿಸಬೇಕು?

ಇದಕ್ಕೆ ಸುಪ್ರೀಂ ಕೋರ್ಟ್ 2018ರ ಜುಲೈ 17ರಂದೇ ದಾರಿ ಹೇಳಿದೆ. ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ನೋಡಲ್ ಅಧಿಕಾರಿ ಪ್ರತಿ ಜಿಲ್ಲೆಗೂ ಇರಬೇಕು. ಗುಂಪುಹತ್ಯೆಗೆ ಕಠಿಣ ಶಿಕ್ಷೆಯುಂಟೆಂದು ರೇಡಿಯೊ, ಟಿವಿಯಲ್ಲಿ ಸಾರಬೇಕು. ಕೆರಳಿಸುವ ಸಂದೇಶ ಹಬ್ಬಿಸಿದವರ ಮೇಲೆ ಎಫ್‌ಐಆರ್ ಆಗಬೇಕು. ಕರಾಚಿಯಲ್ಲಿ ಕೂತವನನ್ನು ನಮ್ಮ ಪೊಲೀಸರು ಹಿಡಿಯಲಾರರು, ಅದನ್ನು ಫಾರ್ವರ್ಡ್ ಮಾಡಿದವನನ್ನು ಹಿಡಿಯಬಲ್ಲರು. ಠಾಣೆಯಿಂದ, ಪಂಚಾಯಿತಿಯಿಂದ, ಆಕಾಶವಾಣಿಯಿಂದ ಅದೇ ದಿನ ಕನ್ನಡದಲ್ಲಿ ನಿಜ ಹೇಳಿಸಬಲ್ಲರು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ.

ಓದುಗರಲ್ಲಿ ಒಂದು ಕೋರಿಕೆ. ತುಮಕೂರು ಜಿಲ್ಲೆಯ ನೋಡಲ್ ಅಧಿಕಾರಿ ಯಾರು, ಗಾಳಿಸುದ್ದಿ ಬಂದಾಗ ಯಾವ ಸಂಖ್ಯೆಗೆ ಕರೆ ಮಾಡಬೇಕು, ಈವರೆಗೆ ಎಷ್ಟು ಎಫ್‌ಐಆರ್ ಹಾಕಿದ್ದಾರೆ ಎಂದು ಮಾಹಿತಿ ಹಕ್ಕಿನಡಿ ಎಸ್‌ಪಿ ಕಚೇರಿಗೆ ಒಂದು ಅರ್ಜಿ ಹಾಕಿ. ಬಂದ ಉತ್ತರವನ್ನು ನಿಮ್ಮ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿ.