ಅಪೀಲು ಕಡತದಲ್ಲಿ, ಜೆಸಿಬಿ ತೋಟದಲ್ಲಿ

ಮಲೆನಾಡಿನಲ್ಲಿ ಒತ್ತುವರಿ ತೆರವಿನ ಸುದ್ದಿ ಎದ್ದಾಗಲೆಲ್ಲ ಒಂದು ದೂರು ತಪ್ಪದೆ ಕೇಳಿಬರುತ್ತದೆ: ‘ಇವರು ಕೋರ್ಟಿಗೆ ಹೋಗಿ ಸ್ಟೇ ತಂದುಬಿಡುತ್ತಾರೆ.’ ವಯನಾಡಿನ ಭೂಕುಸಿತದ ಬೆನ್ನಿಗೇ, 2024ರ ಆಗಸ್ಟ್‌ನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಪಶ್ಚಿಮಘಟ್ಟದ ಒತ್ತುವರಿ ತೆರವಿಗೆ ಸೂಚಿಸಿದಾಗಲೂ ಈ ಮಾತು ಮತ್ತೆ ಚಾಲ್ತಿಗೆ ಬಂತು. ಸ್ಟೇ ಕೇಳುವುದೇ ಒಂದು ಕಳ್ಳದಾರಿ ಎಂಬ ಧಾಟಿ ಅದರಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ.

ಸೊರಬ ತಾಲ್ಲೂಕಿನ ಉಳವಿ ಹೋಬಳಿಯ ಒಬ್ಬ ಸಣ್ಣ ರೈತನ ಪಾಡು ನೋಡಿ. ಕಾನಿನ ಅಂಚಿನಲ್ಲಿ ಎರಡೆಕರೆ. ಅಜ್ಜ ಗದ್ದೆ ಮಾಡಿದ್ದ, ಮಗ ಅಡಿಕೆ ಹಾಕಿದ. ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಕೊಟ್ಟರೆ, ಬುಡಕಟ್ಟಿನವನಲ್ಲವಾದ್ದರಿಂದ 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸಕ್ಕೆ ಪುರಾವೆ ತೋರಿಸಬೇಕು. 1930ರ ಕಾಗದ ಯಾರ ಮನೆಯಲ್ಲಿದೆ? ಅರ್ಜಿ ವಜಾ ಆಗುತ್ತದೆ. ಸಾಗರದ ಏಸಿ ಅಧ್ಯಕ್ಷತೆಯ ಉಪವಿಭಾಗ ಸಮಿತಿ ತಿರಸ್ಕರಿಸಿದರೆ 60 ದಿನದೊಳಗೆ ಜಿಲ್ಲಾ ಸಮಿತಿಗೆ ಹೋಗಬಹುದು. ಇನ್ನು ಅರಣ್ಯ ಕಾಯ್ದೆಯ 64ಎ ಕಲಮಿನಡಿ ತೆರವಿನ ಆದೇಶ ಹೊರಡಿಸುವವರೂ ಇಲಾಖೆಯವರೇ, ಅದರ ಮೇಲಿನ ಅಪೀಲು ಕೇಳುವವರೂ ಅದೇ ಇಲಾಖೆಯ ಹಿರಿಯರೇ.

ಅಪೀಲು ಹಾಕಿದೆನಲ್ಲ, ಇನ್ನು ಯಾರೂ ಮುಟ್ಟುವುದಿಲ್ಲ ಎಂದು ಆತ ನಿಶ್ಚಿಂತನಾಗುತ್ತಾನೆ. ಕಾನೂನು ಹಾಗೆ ಹೇಳುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 5ನೇ ನಿಯಮದ ಪ್ರಕಾರ, ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ಜಾರಿ ನಿಲ್ಲದು. ತಡೆಯಾಜ್ಞೆಯನ್ನು ಬೇರೆಯಾಗಿಯೇ ಪಡೆಯಬೇಕು. ಸಿವಿಲ್ ಕೋರ್ಟಿನಾಚೆಯ ಕಚೇರಿಗಳಲ್ಲೂ ನಡೆಯುವುದು ಇದೇ ಪದ್ಧತಿ. ಕಾನೂನೇ ‘ಬೇಕಿದ್ದರೆ ಕೇಳಿ ಪಡೆ’ ಎಂದಿರುವಾಗ, ಕೇಳಿದವನನ್ನು ಕಳ್ಳನೆನ್ನುವುದು ಯಾವ ನ್ಯಾಯ?

ಅಡಿಕೆ ಸಸಿ ಫಸಲಿಗೆ ಬರಲು ಆರೇಳು ವರ್ಷ ಬೇಕು. ಕಡಿಯಲು ಒಂದು ಬೆಳಗು ಸಾಕು. ಆಮೇಲೆ ಅಪೀಲಿನಲ್ಲಿ ಗೆದ್ದವನಿಗೆ ಸಿಗುವುದು ಬೋಳು ನೆಲ. ‘ತುಂಬಲಾರದ ನಷ್ಟ’ ಎಂದು ನ್ಯಾಯಾಲಯಗಳು ಹೇಳುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಹುಡುಕಬೇಕಿಲ್ಲ. ಅರಣ್ಯ ಹಕ್ಕಿನ ಅರ್ಜಿ ತಿರಸ್ಕೃತವಾದವರನ್ನು ಒಕ್ಕಲೆಬ್ಬಿಸಿ ಎಂದು 2019ರ ಫೆಬ್ರುವರಿ 13ರಂದು ಆದೇಶಿಸಿದ ಸುಪ್ರೀಂ ಕೋರ್ಟೇ, ಅದೇ ತಿಂಗಳ 28ರಂದು ತನ್ನ ಆದೇಶಕ್ಕೆ ತಾನೇ ತಡೆ ಕೊಟ್ಟಿತು. ಸುಪ್ರೀಂ ಕೋರ್ಟಿಗೆ ಹದಿನೈದೇ ದಿನದಲ್ಲಿ ಬಂದ ಅನುಮಾನ ವಲಯಾರಣ್ಯಾಧಿಕಾರಿಗೆ ಬರಬಾರದೇ?

ತಡೆಯಾಜ್ಞೆ ದುರುಪಯೋಗವಾಗುವುದಿಲ್ಲವೇ? ಧಾರಾಳವಾಗಿ ಆಗುತ್ತದೆ. ಹತ್ತಾರು ಎಕರೆ ನುಂಗಿದವರು ದೊಡ್ಡ ವಕೀಲರನ್ನಿಟ್ಟು ಏಕಪಕ್ಷೀಯ ತಡೆ ತಂದು ವರ್ಷಗಟ್ಟಲೆ ಎಳೆಯುತ್ತಾರೆ. ಏಕಪಕ್ಷೀಯ ತಡೆಯಾಜ್ಞೆಯ ಅರ್ಜಿಯನ್ನು 30 ದಿನದಲ್ಲಿ ಇತ್ಯರ್ಥ ಮಾಡಲು ಪ್ರಯತ್ನಿಸಬೇಕು ಎಂಬ ನಿಯಮ ಪುಸ್ತಕದಲ್ಲಿದೆ, ಪಾಲನೆ ಅಪರೂಪ. ಆರು ತಿಂಗಳಿಗೆ ತಡೆ ತಾನಾಗಿ ಬೀಳಲಿ ಎಂದ 2018ರ ತೀರ್ಪನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ಫೆಬ್ರುವರಿ 29ರಂದು ತಳ್ಳಿಹಾಕಿತು. ಒಳ್ಳೆಯದೇ ಆಯಿತು. ವಿಳಂಬ ಕೋರ್ಟಿನದು, ದಂಡ ಬಡವನಿಗೆ ಎಂಬಂತಿತ್ತು ಅದು.

ದೂರದ ಲೆಕ್ಕವೂ ಇದೆ. ಪಕ್ಕದ ಬನವಾಸಿಯವನು ಹೈಕೋರ್ಟಿಗೆ ಹೋಗಬೇಕಾದರೆ ಧಾರವಾಡ ಪೀಠವಿದೆ. ಉಳವಿಯವನು ಶಿವಮೊಗ್ಗ ಜಿಲ್ಲೆಯವನಾದ್ದರಿಂದ ಬೆಂಗಳೂರಿಗೇ ಓಡಬೇಕು. ಅವನು ರಾತ್ರಿ ಬಸ್ಸು ಹತ್ತಿ ವಕೀಲರ ಮನೆ ಹುಡುಕುವಷ್ಟರಲ್ಲಿ ಇಲ್ಲಿ ತೋಟ ನೆಲಸಮವಾಗಿರುತ್ತದೆ.

ಸರ್ಕಾರ ಹೊಸ ಕಾಯ್ದೆಯನ್ನೇನೂ ಮಾಡಬೇಕಿಲ್ಲ. ಅಪೀಲಿನ ಜೊತೆ ಬಂದ ಮಧ್ಯಂತರ ಅರ್ಜಿಯ ಮೇಲೆ ಆದೇಶ ಆಗುವ ತನಕ ಜೆಸಿಬಿ ಹೋಗಕೂಡದು, ಆ ಆದೇಶ ಒಂದು ತಿಂಗಳು ದಾಟಕೂಡದು ಎಂದು ಕಂದಾಯ, ಅರಣ್ಯ ಇಲಾಖೆಗಳು ಒಂದು ಸುತ್ತೋಲೆ ಹೊರಡಿಸಲಿ. ಅಲ್ಲಿಯವರೆಗೆ ರೈತರಿಗೆ ಹೇಳುವುದಿಷ್ಟು: ಬರೀ ಅಪೀಲು ಹಾಕಿ ಮನೆಗೆ ಬರಬೇಡಿ. ಅದರ ಜೊತೆಗೇ ತಡೆಯಾಜ್ಞೆಯ ಅರ್ಜಿಯನ್ನೂ ಕೊಡಿ, ಎರಡಕ್ಕೂ ಸೀಲು ಹಾಕಿದ ಸ್ವೀಕೃತಿ ಪಡೆಯಿರಿ, ಒಂದು ಪ್ರತಿಯನ್ನು ರೇಂಜ್ ಆಫೀಸಿಗೂ ಮುಟ್ಟಿಸಿ.