ಕೋಳಿಪುಕ್ಕದ ಲೆಕ್ಕ ಯಾರ ಖಾತೆಗೆ?



ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಯಾವ ತಿರುವಿನಲ್ಲಿ ಮೂಗು ಮುಚ್ಚಿಕೊಳ್ಳಬೇಕು ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಾತ್ರೋರಾತ್ರಿ ಮೂಟೆ ಕಟ್ಟಿ ಎಸೆದು ಹೋದ ಕೋಳಿಪುಕ್ಕ, ಕರುಳು, ಚರ್ಮ. ಒಂದು ಮಳೆ ಬಿದ್ದರೆ ಅದೆಲ್ಲ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಬೆಲೆ, ಸಾಲ ಅಂತ ಬರೆಯುವ ಪತ್ರಿಕೆಗೆ ಈ ಹೊಲಸು ಯಾಕೆ ಅಂತ ಕೇಳಬಹುದು. ಹೊಲಸು ಅಂತ ಎಸೆದದ್ದು ನಾಳೆ ಚೀಲದಲ್ಲಿ ತುಂಬಿ, ಬಣ್ಣದ ಚೀಟಿ ಅಂಟಿಸಿಕೊಂಡು ನಮಗೇ ಮಾರಾಟಕ್ಕೆ ಬರುತ್ತೆ, ಅದಕ್ಕೇ ಬರೆಯುತ್ತಿದ್ದೇವೆ.

ಒಣಗಿದ ಪುಕ್ಕದಲ್ಲಿ ನೂರಕ್ಕೆ 80ರಿಂದ 90 ಪಾಲು ಸಸಾರಜನಕ, ಅಂದರೆ ಪ್ರೋಟೀನು. ಕೆರಾಟಿನ್ ಅಂತ ಅದರ ಹೆಸರು. ನಮ್ಮ ಕೂದಲು, ಉಗುರು, ದನದ ಕೊಂಬು, ಕುರಿಯ ಉಣ್ಣೆ ಎಲ್ಲ ಇದೇ ಜಾತಿ. ಇದರ ಎಳೆಗಳನ್ನು ಗಂಧಕ ಬೆಸೆದು ಕೂರಿಸಿರುತ್ತೆ; ಕೂದಲು ಸುಟ್ಟಾಗ ಬರುವ ಕಮಟು ಅದರದ್ದೇ. ಆ ಬೆಸುಗೆಯಿಂದಾಗಿ ಹೊಟ್ಟೆಯ ರಸಕ್ಕೆ ಇದು ಜಗ್ಗುವುದಿಲ್ಲ. ಗುಂಡಿಯಲ್ಲಿ ಹಾಕಿದರೂ ಬೇಗ ಕೊಳೆಯುವುದಿಲ್ಲ. ಕಾರ್ಖಾನೆಯವರು ಒತ್ತಡದ ಹಬೆಯಲ್ಲಿ ಬೇಯಿಸಿ ಪುಡಿ ಮಾಡುತ್ತಾರೆ. ಅದಕ್ಕೆ ಸೌದೆ ಬೇಕು, ಬಾಯ್ಲರ್ ಬೇಕು, ಬ್ಯಾಂಕ್ ಸಾಲ ಬೇಕು.

ಆದರೆ ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗೆ ಸಾಲ ಬೇಡ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜೇಸನ್ ಶೀ ಎಂಬ ವಿಜ್ಞಾನಿ ಕೋಳಿಗೊಬ್ಬರದ ಗ್ಯಾಸ್ ಗುಂಡಿ ನಡೆಸುತ್ತಿದ್ದರು. ನಮ್ಮ ಗೋಬರ್ ಗ್ಯಾಸಿನ ಅಣ್ಣ ಅನ್ನಿ. ಅದರೊಳಗೆ ಬಿದ್ದ ಪುಕ್ಕ ಮಾಯವಾಗುತ್ತಿತ್ತು. ಯಾರು ತಿಂದರು ಅಂತ ಹುಡುಕಿದರೆ ಸಿಕ್ಕಿದ್ದು ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ಬ್ಯಾಕ್ಟೀರಿಯಾ. 45ರಿಂದ 50 ಡಿಗ್ರಿ ಶಾಖದಲ್ಲಿ ಅದು ಚೆನ್ನಾಗಿ ಬೆಳೆದು, ಕೆರಾಟಿನೇಸ್ ಎಂಬ ಕಿಣ್ವ ಬಿಟ್ಟು ಪುಕ್ಕವನ್ನು ಕರಗಿಸುತ್ತೆ. 1990ರಲ್ಲಿ ವರದಿಯೂ ಬಂತು, ಪೇಟೆಂಟೂ ಆಯಿತು. ತಿಪ್ಪೆಯ ಜೀವಿಗೂ ಪೇಟೆಂಟು! ಅದರ ಅವಧಿ ಮುಗಿದು ವರ್ಷಗಳೇ ಕಳೆದಿವೆ. ನಮ್ಮಲ್ಲೂ 2021ರಲ್ಲಿ ಮುಂಬಯಿಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯ ಎ.ಬಿ. ಪಂಡಿತ್ ಅವರ ತಂಡ ಪುಕ್ಕ, ಉಣ್ಣೆ, ಕೂದಲನ್ನು ಗೊಬ್ಬರ ಮತ್ತು ಪ್ರಾಣಿ ಆಹಾರ ಮಾಡುವ ದಾರಿ ತೋರಿಸಿತು. ಅದು ಬೇರೆ ವಿಧಾನ, ಆದರೆ ಕಸ ಅದೇ.

ಈಗ ನಮ್ಮ ಲೆಕ್ಕ ನೋಡಿ. ಪುಕ್ಕದಲ್ಲಿ ಸಾರಜನಕ ನೂರಕ್ಕೆ 15ರ ಆಸುಪಾಸು. ಬೇವಿನ ಹಿಂಡಿಯಲ್ಲಿ 5, ಕಡಲೆಕಾಯಿ ಹಿಂಡಿಯಲ್ಲಿ 7. 45 ಕೆಜಿಯ ಒಂದು ಚೀಲ ಯೂರಿಯಾದಲ್ಲಿ ಇರುವಷ್ಟು ಸಾರಜನಕ 140 ಕೆಜಿ ಒಣಪುಕ್ಕದಲ್ಲಿದೆ. ಸಬ್ಸಿಡಿ ಯೂರಿಯಾದ ಎದುರು ದುಡ್ಡಿನ ಲೆಕ್ಕದಲ್ಲಿ ಪುಕ್ಕ ಸೋಲುತ್ತೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಮ್ಮ ಮಲೆನಾಡಿನ ಜಡಿಮಳೆಯಲ್ಲಿ ಹಾಕಿದ ಯೂರಿಯಾ ಗಿಡಕ್ಕೆಷ್ಟು, ಹೇಮಾವತಿಗೆಷ್ಟು? ಪುಕ್ಕದ ಸಾರ ನಿಧಾನ ಇಳಿಯುತ್ತೆ, ಮಳೆಗೆ ಓಡಿಹೋಗುವುದಿಲ್ಲ. ಹಿಂಡಿಯ ಎದುರಂತೂ ಅದೇ ಗೆಲ್ಲುತ್ತೆ. ಯೂರಿಯಾ ಬೇಕಾದರೆ ಜೊತೆಗೆ ಬೇಡದ ಡಬ್ಬಿಯನ್ನೂ ಒಯ್ಯಿ ಅನ್ನುವ ಅಂಗಡಿಗಳ ಮಾತಂತೂ ಎತ್ತುವುದೇ ಬೇಡ. ಕಾಫಿ ರೇಟು ಎರಡು ವರ್ಷ ಏರಿದರೆ ಗೊಬ್ಬರ, ಔಷಧಿ, ಕೂಲಿ ಎಲ್ಲ ಬೆನ್ನಿಗೇ ಏರುತ್ತೆ. ರೇಟು ಇಳಿದಾಗ ಇವು ಇಳಿಯುವುದಿಲ್ಲ. ಆಗ 2002ರ ಸರ್ಫೇಸಿ ಕಾಯ್ದೆ ಹಿಡಿದುಕೊಂಡು ಬ್ಯಾಂಕಿನವರು ತೋಟದ ಗೇಟಿಗೆ ನೋಟೀಸು ಅಂಟಿಸುತ್ತಾರೆ. ತೋಟಕ್ಕೆ ಹೊರಗಿನಿಂದ ಬರುವ ಒಂದೊಂದು ಚೀಲ ಕಡಿಮೆಯಾದಷ್ಟೂ ಸಾಲದ ಪುಸ್ತಕ ತೆಳ್ಳಗಾಗುತ್ತೆ.

ಉಣ್ಣೆಯದ್ದೂ ಇದೇ ಕಥೆ. ಚಳ್ಳಕೆರೆ ಕಡೆಯ ಒರಟು ಉಣ್ಣೆ ಕಂಬಳಿಯಾಗಿ ನಮ್ಮ ಮಳೆಗೆ ಹೆಗಲಾಗುತ್ತಿತ್ತು. ನಾವು ಪ್ಲಾಸ್ಟಿಕ್ ಹೊದ್ದೆವು. ಈಗ ಅನೇಕ ಕುರಿಗಾರರಿಗೆ ಉಣ್ಣೆ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ, ಕತ್ತರಿಸಿದ್ದನ್ನು ಬಯಲಲ್ಲೇ ಬಿಡುತ್ತಾರೆ.

ಪ್ರಾಣಿಗಳ ಮೇವು ಮಾಡುವ ಮಾತಿಗೆ ಮಾತ್ರ ನಮ್ಮ ಎಚ್ಚರಿಕೆ ಇದೆ. ಪುಕ್ಕದ ಪ್ರೋಟೀನಿನಲ್ಲಿ ಲೈಸಿನ್, ಮೆಥಿಯೊನಿನ್ ಕಡಿಮೆ. ಸೋಯಾ ಹಿಂಡಿಯನ್ನು ಅದು ಪೂರ್ತಿ ತಳ್ಳಲಾರದು. 2012ರಲ್ಲಿ ಅಮೆರಿಕದ ಸಂಶೋಧಕರು ಪುಕ್ಕದ ಪುಡಿ ಪರೀಕ್ಷಿಸಿದಾಗ ಕೋಳಿಗೆ ತಿನ್ನಿಸಿದ್ದ ಆಂಟಿಬಯಾಟಿಕ್ ಶೇಷ ಸಿಕ್ಕಿತು. ಕಂಪನಿ ಕೋಳಿ ಏನು ತಿಂದಿದೆ ಅಂತ ಸಾಕಿದವನಿಗೇ ಗೊತ್ತಿರುವುದಿಲ್ಲ. ಕಾಂಟ್ರಾಕ್ಟಿನಲ್ಲಿ ಮರಿ ಕಂಪನಿಯದು, ಮೇವು ಕಂಪನಿಯದು, ಔಷಧಿ ಕಂಪನಿಯದು; ಶೆಡ್ಡು, ಕರೆಂಟು, ನೀರು, ಸಾಲ ರೈತನದು. 1996ರ ಜನವರಿಯಲ್ಲಿ ರೈತ ಸಂಘ ಬೆಂಗಳೂರಿನ ಕೆಂಟಕಿ ಕೋಳಿ ಅಂಗಡಿಗೆ ನುಗ್ಗಿದಾಗ ನಕ್ಕವರು ಈಗ ಈ ಲೆಕ್ಕ ಓದಲಿ. ಮೇವಿನ ವಿಷಯ ಪರೀಕ್ಷೆ ಆಗುವವರೆಗೆ ಬದಿಗಿರಲಿ, ಮೊದಲು ಮಣ್ಣಿಗೆ ಹಾಕೋಣ.

ದಾರಿ ಕಷ್ಟದ್ದಲ್ಲ. ಕಾಫಿ ಹಣ್ಣಿನ ಸಿಪ್ಪೆ, ದರಗು, ಸಗಣಿ ಬಗ್ಗಡದ ನಡುವೆ ಪುಕ್ಕವನ್ನು ತೆಳುವಾಗಿ ಹರಡಿ, ನಾಯಿ ಕೆದಕದಂತೆ, ಮಳೆ ನುಗ್ಗದಂತೆ ಮುಚ್ಚಿದರೆ ರಾಶಿ ತಾನೇ 50 ಡಿಗ್ರಿ ಮುಟ್ಟುತ್ತೆ. ಬ್ಯಾಸಿಲಸ್ ಜಾತಿಯ ಜೀವಿಗಳು ಸಗಣಿಯಲ್ಲಿ, ಮಣ್ಣಿನಲ್ಲಿ ಇದ್ದೇ ಇವೆ. ಚರ್ಮ, ಕರುಳು ಬೆರೆತರೆ ನಾರುತ್ತೆ, ಅಂಗಡಿಯಲ್ಲೇ ಬೇರೆ ಮಾಡಿಸಬೇಕು. ರೋಗ ಬಂದು ಸತ್ತ ಕೋಳಿ ಇದಕ್ಕೆ ಸೇರಕೂಡದು.

ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರ ಮತ್ತು ತೋಟಗಾರಿಕೆ ಕಾಲೇಜು ಇಂಥ ನಾಲ್ಕು ಗುಂಡಿ ಮಾಡಿ, ಒಳ್ಳೆಯ ತಳಿಯ ಬ್ಯಾಕ್ಟೀರಿಯಾ ಬಿಟ್ಟದ್ದು, ಬಿಡದ್ದು ಎರಡನ್ನೂ ಅಳೆದು ರೈತರ ಮುಂದಿಡಬೇಕು. ತಳಿಯನ್ನು ಅಜೋಸ್ಪಿರಿಲಂ ಕೊಟ್ಟ ಹಾಗೆ ಪೊಟ್ಟಣದಲ್ಲಿ ಕೊಡಲಿ. ಪಟ್ಟಣ ಪಂಚಾಯಿತಿ ಅಂಗಡಿಗಳ ಪುಕ್ಕವನ್ನು ದಿನಾ ಸಂಗ್ರಹಿಸಿ ರೈತರ ಸಹಕಾರ ಸಂಘಕ್ಕೇ ಒಪ್ಪಿಸಲಿ. ಯಾವನೋ ಗುತ್ತಿಗೆದಾರನಿಗೆ ಬಿಟ್ಟಿ ಕೊಟ್ಟು, ಅವನಿಂದ ನಾವು ಕೊಳ್ಳುವ ಹಾಗೆ ಆಗಬಾರದು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಎರಡೇ ಪ್ರಶ್ನೆ ಕೇಳಿ: ನಮ್ಮೂರ ಪುಕ್ಕ ಯಾರು ಒಯ್ಯುತ್ತಾರೆ, ಎಷ್ಟು ಕೊಟ್ಟು ಒಯ್ಯುತ್ತಾರೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ನಮಗೂ ಕಳಿಸಿ.