ಇಸ್ತ್ರಿ ಮೇಜಿನ ಮೇಲಿನ ನಗೆ

ಮನೆಯೊಡತಿಗೂ ಕೆಲಸದವಳಿಗೂ ನಡೆಯುವ ಮಾತಿನ ಕಾಳಗ ಯಾವ ದೇಶದ ಅಡುಗೆಮನೆಗೂ ಹೊಸತಲ್ಲ. ಆ ಕಾಳಗದಲ್ಲಿ ಒಂದು ನಾಡಿನ ಇತಿಹಾಸವೇ ಪ್ರತಿಬಿಂಬಿಸಿದುದು ಮಾತ್ರ ದಕ್ಷಿಣ ಆಫ್ರಿಕದಲ್ಲಿ. 1992ರಲ್ಲಿ ಅಲ್ಲಿಯ ‘ವೀಕ್ಲಿ ಮೇಲ್’ ಪತ್ರಿಕೆಯಲ್ಲಿ ‘ಮೇಡಂ ಅಂಡ್ ಈವ್’ ಎಂಬ ವ್ಯಂಗ್ಯಚಿತ್ರಮಾಲೆ ಆರಂಭವಾಯಿತು. ಸ್ಟೀಫನ್ ಫ್ರಾನ್ಸಿಸ್, ಹ್ಯಾರಿ ಡಗ್ಮೋರ್ ಮತ್ತು ರಿಕೊ ಶಾಕೆರ್ಲ್ ಅದರ ಕರ್ತೃಗಳು. ಆಡಂ ಮತ್ತು ಈವ್ ಎಂಬ ಆದಿದಂಪತಿಗಳ ಹೆಸರನ್ನು ತುಸು ತಿರುಚಿದ ಆ ಶೀರ್ಷಿಕೆಯಲ್ಲಿಯೇ ವಿನೋದವಿದೆ.

ಗ್ವೆನ್ ಆಂಡರ್ಸನ್ ಜೋಹಾನ್ಸ್‌ಬರ್ಗಿನ ಅನುಕೂಲಸ್ಥ ಬಿಳಿಯ ಗೃಹಿಣಿ. ಈವ್ ಸಿಸುಲು ಆಕೆಯ ಮನೆಯ ಕಪ್ಪುವರ್ಣದ ಕೆಲಸದಾಕೆ. ಗ್ವೆನ್ನಳ ವೃದ್ಧ ತಾಯಿಗೆ ಜಿನ್ ಮದ್ಯದ ಮೇಲೆ ಪ್ರೀತಿ. ಬೀದಿಯಲ್ಲಿ ಕೂಗುತ್ತ ಬರುವ ಜೋಳದ ತೆನೆಯವಳ ಮೇಲೆ ಹಗೆ. ಈವಳಾದರೋ ಇಸ್ತ್ರಿ ಮೇಜನ್ನೇ ಹಾಸಿಗೆ ಮಾಡಿಕೊಂಡು ನಿದ್ರಿಸುವ ಜಾಣೆ. ಸಂಬಳ ಹೆಚ್ಚಿಸಿರೆಂದು ಕೇಳಲು ಬೇಸರಿಸದವಳು. ಮಾತಿನಲ್ಲಿ ಬಹುಮಟ್ಟಿಗೆ ಅವಳದೇ ಗೆಲವು. ಅವಳು ಪತ್ರಿಕೆಯಲ್ಲಿ ಮೊದಲು ಮೈದೋರಿದಾಗ ಆ ದೇಶದ ಕಪ್ಪು ಜನರಿಗೆ ಸಂಸತ್ತನ್ನು ಚುನಾಯಿಸುವ ಹಕ್ಕೇ ಇರಲಿಲ್ಲವೆಂಬುದನ್ನು ನೆನೆದರೆ ಆ ಗೆಲವಿನ ಬೆಲೆ ತಿಳಿದೀತು.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಈ ಚಿತ್ರಮಾಲೆ ‘ಇ ಟಿವಿ’ಯಲ್ಲಿ ಹಾಸ್ಯ ಧಾರಾವಾಹಿಯಾಯಿತು. ಇದು ಸಾಮಾನ್ಯ ಸಂಗತಿಯಲ್ಲ. ಆ ದೇಶದಲ್ಲಿ ಟೆಲಿವಿಷನ್ ಪ್ರಸಾರ ಮೊದಲಾದದ್ದೇ 1976ರಲ್ಲಿ. ವರ್ಣಭೇದದ ಸರ್ಕಾರ 1980ರ ದಶಕದಲ್ಲಿ ಕಪ್ಪು ಜನರಿಗೆಂದು ಬೇರೆಯೇ ವಾಹಿನಿಗಳನ್ನು ತೆರೆದಿತ್ತು. ಅಂಥ ನಾಡಿನಲ್ಲಿ ಒಡತಿಯೂ ಕೆಲಸದಾಕೆಯೂ ಒಂದೇ ಕಥೆಗೆ ನಾಯಕಿಯರಾಗಿ, ಒಂದೇ ಪರದೆಯ ಮೇಲೆ ಸರಿಸಮನಾಗಿ ವಾದಿಸತೊಡಗಿದರು.

ಆದರೆ ಗೆರೆಯ ಈವಳಿಗೂ ರಕ್ತಮಾಂಸದ ಈವಳಿಗೂ ಅಂತರವುಂಟು. ಗೆರೆಯ ಹೆಣ್ಣು ದಣಿಯಳು, ಮುಪ್ಪಾಗಳು. ನಾಲ್ಕು ಚೌಕಗಳೊಳಗೆ ಚಟಾಕಿ ಹಾರಿಸಿ ಮರೆಯಾಗುವಳು. ನಟಿಯೊಬ್ಬಳು ಆ ಪಾತ್ರವನ್ನು ಧರಿಸಿದೊಡನೆ ಅವಳಿಗೆ ನೋಯುವ ಸೊಂಟವಿದೆಯೆಂಬುದು ನೆನಪಾಗುತ್ತದೆ. ಈಕೆ ರಾತ್ರಿ ಮಲಗುವುದು ಹಿತ್ತಲ ಕೋಣೆಯಲ್ಲಿಯೆ? ಈಕೆಯ ಮಕ್ಕಳನ್ನು ಸಾಕುವವರಾರು? ನಗುತ್ತ ಕುಳಿತ ಮನೆಯವರ ಮನಸ್ಸಿನಲ್ಲಿ ಇಂಥ ಪ್ರಶ್ನೆ ಮೂಡದಿದ್ದರೆ ಆ ನಗೆ ಬರಿಯ ಕಾಲಹರಣ.

ಏಕೆಂದರೆ ನಗೆ ಬಂದಷ್ಟು ಬೇಗ ನ್ಯಾಯ ಬರಲಿಲ್ಲ. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಅಲ್ಲಿಯ ಸರ್ಕಾರ ಗೊತ್ತುಪಡಿಸಿದ್ದು 2002ರಲ್ಲಿ. 2012ರಲ್ಲಿ ಪ್ರಿಟೋರಿಯದ ಕೆಲಸದಾಕೆಯೊಬ್ಬಳು ಯಜಮಾನರ ಮನೆಯ ಈಜುಕೊಳದಲ್ಲಿ ಮುಳುಗಿ ಸತ್ತಳು. ಕಾರ್ಮಿಕರಿಗೆ ಸಲ್ಲುವ ಪರಿಹಾರ ಅವಳ ಮಗಳಿಗೆ ಸಿಗಲಿಲ್ಲ. ಖಾಸಗಿ ಮನೆಗಳಲ್ಲಿ ದುಡಿಯುವವರು ಆ ಕಾನೂನಿನ ಹೊರಗಿದ್ದರು. 2020ರ ನವೆಂಬರಿನಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ ಇದು ಸಂವಿಧಾನಕ್ಕೆ ವಿರುದ್ಧವೆಂದು ಸಾರಿ, ತೀರ್ಪು 1994ರ ಏಪ್ರಿಲ್ 27ರಿಂದಲೇ ಅನ್ವಯಿಸುವುದೆಂದು ವಿಧಿಸಿತು.

ಆ ತಾರೀಖು ಯಾವುದು? ಈವಳಂಥ ಲಕ್ಷಾಂತರ ಮಂದಿ ಮೊತ್ತಮೊದಲ ಬಾರಿಗೆ ಮತಪೆಟ್ಟಿಗೆಯ ಮುಂದೆ ಸಾಲುಗಟ್ಟಿ ನಿಂತ ದಿನ. ಒಡತಿಯರೂ ಅಂದು ಅದೇ ಸಾಲಿನಲ್ಲಿದ್ದರು. ಅಂದೇ ಸಲ್ಲಬೇಕಾಗಿದ್ದ ಬಾಕಿ ಸಂದಾಯಕ್ಕೆ ಬಂದದ್ದು 26 ವರ್ಷಗಳ ತರುವಾಯ. ಮಾತಿನಲ್ಲಿ ಸೋತು ನಕ್ಕುಬಿಡುವುದು ಯಾವ ಒಡತಿಗೂ ಕಷ್ಟವಲ್ಲ. ಲೆಕ್ಕ ತೀರಿಸುವುದೇ ಕಷ್ಟ.